ನಡತೆ: ನೂರಕ್ಕೆ ಮೂವತ್ತೆಂಟು

ಮೂವತ್ತೊಂದು ವರ್ಷ ನಾನು ಪರರ ನಡತೆ ಬರೆದು ಹೊಟ್ಟೆ ಹೊರೆದವನು. ಹಾಗೆಂದರೆ ತಪ್ಪು ತಿಳಿಯಬೇಡಿ. ನಾನು ಕಾದಂಬರಿಕಾರನಲ್ಲ, ಪೊಲೀಸಿನವನೂ ಅಲ್ಲ, ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತ. ಶಾಲೆ ಬಿಟ್ಟುಹೋಗುವ ಪ್ರತಿಯೊಬ್ಬರ ಟಿ.ಸಿ.ಯೂ ನನ್ನ ಮೇಜಿನ ಮೇಲಿಂದಲೇ ಹೋಗಬೇಕಿತ್ತು. ಅದರ ಹನ್ನೊಂದನೆಯ ಸಾಲಿನಲ್ಲಿ 'ನಡತೆ' ಎಂದಿರುತ್ತಿತ್ತು, ಅದರ ಮುಂದೆ ನಾನು ನೀಲಿ ಶಾಯಿಯಲ್ಲಿ 'ಉತ್ತಮ' ಎಂದು ಬರೆಯುತ್ತಿದ್ದೆ. ಕಿಟಕಿ ಗಾಜು ಒಡೆದವನಿಗೂ ಉತ್ತಮ, ಒಡೆದವನ ಮೇಲೆ ಚಾಡಿ ಹೇಳಿದವನಿಗೂ ಉತ್ತಮ. ಒಮ್ಮೆ ಮಾತ್ರ, ನನ್ನ ಸೈಕಲ್ಲಿನ ಗಾಳಿ ಬಿಟ್ಟವನಿಗೆ 'ಸಾಧಾರಣ' ಎಂದು ಬರೆದು ಸೇಡು ತೀರಿಸಿಕೊಂಡೆ. ಮನಸ್ಸು ತಡೆಯದೆ ಮಾರನೆಯ ದಿನವೇ ಬೇರೆ ಹಾಳೆ ತೆಗೆದು ತಿದ್ದಿ ಬರೆದೆ. ಇಂಥವನ ನಡತೆಗೆ, ನಿವೃತ್ತಿಯಾದ ನಾಲ್ಕನೆಯ ವರ್ಷ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದು ನೂರಕ್ಕೆ ಮೂವತ್ತೆಂಟು ಅಂಕ ಕೊಟ್ಟಿತು, ಅದೂ ನಲವತ್ತೆಂಟು ಮನೆಗಳವರ ಎದುರಿಗೆ.

ಎಲ್ಲಕ್ಕೂ ಮೂಲ ನಮ್ಮ ಬಿಲ್ಡಿಂಗಿನ ಗೇಟಿನ ಕಂಬ. ಆ ಕಂಬ ಹನ್ನೆರಡು ವರ್ಷದಿಂದ ಅಲ್ಲೇ ಇದೆ, ನಾನೂ ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತೇನೆ, ನಮ್ಮಿಬ್ಬರ ನಡುವೆ ಎಂದೂ ಒಂದು ಮಾತು ಬಂದದ್ದಿಲ್ಲ. ಆ ದಿನ ಹೆಂಡತಿ ಮಗಳ ಮನೆಗೆ ಹೋಗಿದ್ದಳು, ಕಾರಿನಲ್ಲಿ ನಾನೊಬ್ಬನೇ. ಏನೋ ಯೋಚನೆ ಬಂತು. ಯಾವ ಯೋಚನೆ ಎಂದು ಆಮೇಲೆ ಎಲ್ಲರೂ ಕೇಳಿದರು, ನನಗೆ ನೆನಪಾಗಲಿಲ್ಲ. ಕಂಬಕ್ಕೇನೂ ಆಗಲಿಲ್ಲ. ಕಾರಿನ ಒಂದು ಕಣ್ಣು ಹೋಯಿತು.

ಮಗಳು ಮಾರನೆಯ ದಿನವೇ ಬಂದಳು. ಅವಳು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು. ಎಲ್ಲರನ್ನೂ 'ಕೆಳಗಿನ ಸಾಲು ಓದಿ' ಎಂಬ ಧಾಟಿಯಲ್ಲೇ ಮಾತಾಡಿಸುತ್ತಾಳೆ.

"ಅಪ್ಪ, ನಿನ್ನ ಕಣ್ಣು ಸರಿಯಾಗಿದೆ, ನಾನೇ ನೋಡಿದೀನಿ. ಗಮನ ಸರಿಯಿಲ್ಲ. ಕಾರು ಮಾರೋಣ."

"ಅದು ನಿನ್ನ ತಾತನ ಕಾರು ಕಣೇ."

"ಅದನ್ನೇ ಹೇಳ್ತಿರೋದು. ಈಗಿನದಾಗಿದ್ರೆ ಯೋಚನೆ ಮಾಡ್ಬಹುದಿತ್ತು. ಇದಕ್ಕೆ ವಿಮೆ ಮಾಡು ಅಂದ್ರೆ ಕಂಪನಿಯವ್ರು ಮುಖ ಮುಖ ನೋಡ್ತಾರೆ. ಒಬ್ರು ಹೋಟೆಲಿನವ್ರು ಕೇಳಿದಾರೆ. ಬಾಗಿಲ ಮುಂದೆ ನಿಲ್ಲಿಸಿ ಅದರೊಳಗೆ ಹೂವಿನ ಗಿಡ ನೆಡ್ತಾರಂತೆ. ಚೆನ್ನಾಗೇ ನೋಡ್ಕೋತಾರೆ, ದಿನಾ ನೀರು ಹಾಕ್ತಾರೆ."

ಅಪ್ಪನ ಕಾರಿಗೆ ನೀರು ಹಾಕುವ ಮಾತು ಕೇಳಿ ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಆ ಕಾರಿನ ವಿಷಯ ನಿಮಗೆ ಹೇಳಬೇಕು. ನಮ್ಮಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಸ್ಕೂಲ್ ಎಂದರೆ ಒಂದು ಹಳದಿ ಬೋರ್ಡು, ಎರಡು ಕುರ್ಚಿ, ಒಂದು ಕಾರು, ಒಬ್ಬ ಅಪ್ಪ. ಪಕ್ಕದ ಸೀಟಿನ ಕೆಳಗೆ ಅಪ್ಪನ ಕಾಲಿಗೆಂದೇ ಇನ್ನೊಂದು ಬ್ರೇಕು ಹಾಕಿಸಿದ್ದರು. ಕಲಿಯುವವನು ಚಕ್ರ ಹಿಡಿದು ಬೆವರುತ್ತಿದ್ದರೆ, ಅಪ್ಪ ಕಿಟಕಿಯ ಮೇಲೆ ಮೊಣಕೈ ಊರಿ ಹೊರಗೆ ಮರಗಿಡ ನೋಡುತ್ತ ಕೂತಿರುತ್ತಿದ್ದರು. ಎದುರಿಗೆ ಲಾರಿ ಬಂದರೆ ಕಾರು ತಾನಾಗಿ ನಿಲ್ಲುತ್ತಿತ್ತು. ಅಪ್ಪ 'ತಪ್ಪು' ಎಂಬ ಮಾತು ಆಡುತ್ತಿರಲಿಲ್ಲ, 'ಇನ್ನೊಂದ್ಸಲ' ಎನ್ನುತ್ತಿದ್ದರು. ಬೇಕರಿಯವನು, ಸೂಲಗಿತ್ತಿ ನರ್ಸಮ್ಮ, ಟಾಕೀಸಿನ ಟಿಕೆಟ್ ಹರಿಯುವವನು, ನಮ್ಮ ಶಾಲೆಯ ಹೆಡ್ಮಾಸ್ಟರು, ಎಲ್ಲ ಆ ಕಾರಿನಲ್ಲೇ ಇನ್ನೊಂದ್ಸಲ ಇನ್ನೊಂದ್ಸಲ ಎಂದು ಕಲಿತವರು. ಸಂಜೆ ಶಾಲೆಯ ಆಫೀಸು ಮುಗಿಸಿ ಬಂದವನು ನಾನು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರನ್ನು ಮನೆಗೆ ತರುತ್ತಿದ್ದೆ. ಎಂಜಿನ್ನಿನ ಬಿಸಿ, ಸೀಟಿನ ರೆಕ್ಸಿನ್ ವಾಸನೆ, ಅಪ್ಪನ ಅಂಗಿಯ ಸೋಪಿನ ವಾಸನೆ. ಆ ಇಪ್ಪತ್ತು ನಿಮಿಷ ನನ್ನ ದಿನದ ಸುಖವಾದ ಹೊತ್ತು. ಮತ್ತು ಇದು ನನ್ನ ಜೀವನದ ಏಕೈಕ ಹೆಮ್ಮೆ, ಆದ್ದರಿಂದ ಹೇಳಿಬಿಡುತ್ತೇನೆ: ನಾನು ಓಡಿಸುವಾಗ ಅಪ್ಪ ಒಂದು ದಿನವೂ ಆ ಬ್ರೇಕು ಒತ್ತಿದವರಲ್ಲ.

ಅಪ್ಪ ಹೋದ ಮೇಲೆ ಬೋರ್ಡು ಇಳಿಯಿತು, ಕುರ್ಚಿಗಳು ಯಾರದೋ ಮನೆಗೆ ಹೋದವು, ಕಾರು ನನ್ನದಾಯಿತು. ಪಕ್ಕದ ಸೀಟು ಹೆಂಡತಿಯದಾಯಿತು. ಅವಳ ಕಾಲು ಆ ಬ್ರೇಕಿನ ಮೇಲೆ ಕೂತದ್ದು ಈವತ್ತಿಗೂ ಇಳಿದಿಲ್ಲ. ಕೇಳಿದರೆ "ಕಾಲು ಇಡಕ್ಕೆ ಬೇರೆ ಜಾಗ ಎಲ್ಲಿದೆ?" ಎನ್ನುತ್ತಾಳೆ. ಕಾರು ನಡುನಡುವೆ ಮುಗ್ಗರಿಸುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಕಾರಿನ ವಯಸ್ಸಿನ ದೋಷ ಎಂದೇ ನಾನು ಮನಸ್ಸಿಗೆ ಒಪ್ಪಿಸಿಬಿಟ್ಟಿದ್ದೆ.

"ಕೊನೇ ಅವಕಾಶ ಕೊಡ್ತೀನಿ" ಎಂದಳು ಮಗಳು. "ವಿಮೆ ಕಂಪನಿಯವ್ರದ್ದೇ ಒಂದು ಯೋಜನೆ ಇದೆ. ಕಾರಿಗೊಂದು ಡಬ್ಬಿ ಅಂಟಿಸ್ತಾರೆ. ನೀನು ಹೇಗೆ ಓಡಿಸ್ತೀಯ ಅಂತ ಅದು ಮೂರು ತಿಂಗಳು ನೋಡತ್ತೆ. ಕೊನೇ ತಿಂಗಳಲ್ಲಿ ಎಪ್ಪತ್ತರ ಮೇಲೆ ಬಂದ್ರೆ ಕಂತಿನಲ್ಲಿ ರಿಯಾಯಿತಿ, ಕಾರು ನಿನ್ನದು. ಬರದಿದ್ರೆ ಹೂವಿನ ಗಿಡ."

ಡಬ್ಬಿ ಅಂಟಿಸಲು ಬಂದ ಏಜೆಂಟನಿಗೆ ನಮ್ಮ ಬೀದಿಯಲ್ಲಿ 'ಶೇಕಡಾ' ಎಂದೇ ಹೆಸರು. ಮಳೆ ಬರುತ್ತಾ ಎಂದು ಕೇಳಿದರೂ ಶೇಕಡಾ ಇಷ್ಟು ಎನ್ನುವವನು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಡಬ್ಬಿ ಅಂಟಿಸಿ, ನನ್ನ ಮೊಬೈಲಿಗೆ ಏನೋ ಇಳಿಸಿಕೊಟ್ಟು, "ಬಂದ ಪ್ರಶ್ನೆಗೆಲ್ಲ ಓದ್ಕೊಂಡು ಹೌದು ಇಲ್ಲ ಒತ್ತಿ ಸಾರ್" ಎಂದು ಹೊರಟ. ನಾನು ಗುಮಾಸ್ತ, ಓದದೆ ಏನನ್ನೂ ಒತ್ತುವವನಲ್ಲ. ಏಳನೆಯ ಪ್ರಶ್ನೆ ಹೀಗಿತ್ತು: 'ಬಳಗದೊಂದಿಗೆ ಹಂಚಿಕೊಳ್ಳುವಿರಾ?' ರಿಯಾಯಿತಿ ಸಿಕ್ಕರೆ ಒಬ್ಬನೇ ನುಂಗುತ್ತೀಯಾ ಎಂದು ಕಂಪನಿ ಕೇಳುತ್ತಿದೆ ಎಂದು ನನಗೆ ಅರ್ಥವಾಯಿತು. ಹಂಚಿಕೊಂಡು ತಿನ್ನಬೇಕು ಎಂದು ಚಿಕ್ಕಂದಿನಿಂದ ಕಲಿತವನು, ಧಾರಾಳವಾಗಿ 'ಹೌದು' ಒತ್ತಿದೆ. ಯಾವ ಬಳಗ ಎಂದು ಕೇಳಿತು. ಮೇಲುಗಡೆ ಕಂಡದ್ದನ್ನು ಒತ್ತಿದೆ.

ಅದು ನಮ್ಮ ಬಿಲ್ಡಿಂಗಿನ ನಲವತ್ತೆಂಟು ಮನೆಯವರ ಗುಂಪು. ಶನಿವಾರ ಬೆಳಿಗ್ಗೆ ಎಲ್ಲರೂ ಹಾಲು ಕಾಯಿಸುವ ಹೊತ್ತಿಗೆ, ನನ್ನ ಫೋಟೋ ಸಮೇತ ಆ ಗುಂಪಿಗೆ ಒಂದು ಪ್ರಕಟಣೆ ಬಂತು. ಯೋಜನೆಯ ಹೆಸರು 'ಚಾಲಕ ನಡತೆ ನಿಗಾ' ಎಂದು. ಮೊಬೈಲಿನ ಪರದೆಯಲ್ಲಿ ಜಾಗ ಸಾಲದೆ 'ಚಾಲಕ' ಕತ್ತರಿಸಿಹೋಗಿತ್ತು. ಉಳಿದದ್ದು ಇಷ್ಟು:

'ನಡತೆ ನಿಗಾ. ನಿಮ್ಮ ಬಳಗದ ಈ ಸದಸ್ಯರ ಈ ವಾರದ ನಡತೆ: ನೂರಕ್ಕೆ ಮೂವತ್ತೆಂಟು. ದರ್ಜೆ: ಕಳಪೆ. ಕಂಡುಬಂದ ದೋಷಗಳು: ಹಠಾತ್ ವರ್ತನೆ ಹದಿನಾಲ್ಕು ಬಾರಿ, ತಿರುವಿನಲ್ಲಿ ಅಸಂಯಮ ಮೂರು ಬಾರಿ. ಇವರನ್ನು ಪ್ರೋತ್ಸಾಹಿಸಿ.'

ಪ್ರೋತ್ಸಾಹ ಬರತೊಡಗಿತು. ಕೆಳಮನೆಯ ಟೈಲರು ಮುಗಿದ ಕೈಗಳ ಚಿತ್ರ ಹಾಕಿದ. ಯಾರೋ 'ದೇವರು ಒಳ್ಳೆ ಬುದ್ಧಿ ಕೊಡಲಿ' ಎಂದರು. ಇನ್ಯಾರೋ, ಅವರು ಗುಂಪಿನಲ್ಲಿ ಏನನ್ನೂ ಪೂರ್ತಿ ಓದುವವರಲ್ಲ, 'ಹುಟ್ಟುಹಬ್ಬದ ಶುಭಾಶಯಗಳು' ಎಂದರು. ನಾನು ಕೆಳಗಿಳಿದು ಹೋಗುವಷ್ಟರಲ್ಲಿ ಬಿಲ್ಡಿಂಗಿನ ಸೆಕ್ರೆಟರಿ ಮೆಟ್ಟಿಲ ಮೇಲೆ ನನಗಾಗಿ ಕಾಯುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಡೀ ಆಯುಷ್ಯ ತಕ್ಕಡಿ ಪರೀಕ್ಷೆ ಮಾಡಿದವರು. ಮನುಷ್ಯರನ್ನೂ ಹಾಗೇ ನೋಡುತ್ತಾರೆ.

"ಮೂವತ್ತೈದಕ್ಕೆ ಪಾಸು, ಅದು ಸರಿ. ಆದ್ರೆ ನಡತೇಲಿ ಬರೀ ಪಾಸಾದ್ರೆ ಸಾಕೇನ್ರೀ?"

"ಸಾರ್, ಅದು ಕಾರಿನ ವಿಷಯ."

"ಕಾರಲ್ಲೇ ನಡೆದಿದ್ದು ಅಂತೀರಾ? ತಿರುವು ಅಂದ್ರೆ ಯಾವ ತಿರುವು?"

"ಬೇಕರಿ ತಿರುವು."

"ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ ಸಾರ್. ಸ್ವಲ್ಪ ವೇಗ ಜಾಸ್ತಿಯಾಯ್ತು, ಅಷ್ಟೆ."

"ಈ ವಯಸ್ಸಲ್ಲಿ ವೇಗ ಕಮ್ಮಿ ಮಾಡ್ಕೋಬೇಕು ಇವ್ರೇ" ಎಂದು ಅವರು ದನಿ ತಗ್ಗಿಸಿ ನನ್ನ ಭುಜ ತಟ್ಟಿದರು. "ಮನೆಯವರಿಗೆ ಗೊತ್ತಾ?"

ಮನೆಯವಳಿಗೆ ಗೊತ್ತಾಗದೆ ಇರುತ್ತದೆಯೇ. ಅವಳಣ್ಣ, ಅಂದರೆ ನಮ್ಮ ಭಾವ, ಇರುವುದು ನಾಲ್ಕು ತಾಸು ದೂರದ ಊರಿನಲ್ಲಿ. ಅವರಿಗೂ ಮಧ್ಯಾಹ್ನದೊಳಗೆ ಸುದ್ದಿ ಮುಟ್ಟಿತ್ತು. ಫೋನು ಮಾಡಿ, "ತಂಗಿ, ಮುಚ್ಚುಮರೆ ಬೇಡ. ನಡತೆಗೆ ಕಂಪನಿಯವ್ರು ಮೂವತ್ತೆಂಟು ಕೊಟ್ಟಿದಾರಂತೆ?" ಎಂದರು.

"ಮೂವತ್ತೈದು ವರ್ಷದಲ್ಲಿ ನಾನು ಯಾವತ್ತೂ ಅಷ್ಟು ಕೊಟ್ಟಿಲ್ಲ ಅಣ್ಣ" ಎಂದು ಹೆಂಡತಿ ಫೋನಿಟ್ಟಳು.

ಶೇಕಡಾನಿಗೆ ಹೇಳಿ ಹಂಚಿಕೆಯನ್ನು ನಿಲ್ಲಿಸಲು ನೋಡಿದೆ. "ಮೂರು ತಿಂಗಳು ಮುಗಿಯೋವರೆಗೆ ಏನೂ ಬದಲಾಯಿಸಕ್ಕೆ ಬರಲ್ಲ ಸಾರ್, ಷರತ್ತು" ಎಂದ. ಹಾಗಾದರೆ ಅಂಕ ಏರಿಸುವುದೊಂದೇ ದಾರಿ. ಎರಡನೆಯ ವಾರ ನಾನು ಯಾವ ಕಾರಣಕ್ಕೂ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಮೇಲೆ ಹೋಗಲಿಲ್ಲ. ಸೈಕಲ್ಲಿನವರು ನನ್ನನ್ನು ದಾಟಿ ಮುಂದೆ ಹೋಗಿ ತಿರುಗಿ ನೋಡಿದರು. ನನ್ನ ಹಿಂದೆ ಹನ್ನೊಂದು ಗಾಡಿಗಳ ಸಾಲು ಬೆಳೆಯಿತು. ಎದುರಿಗೆ ಬಂದವರು ಹೆಣ ಹೋಗುತ್ತಿದೆ ಎಂದು ತಿಳಿದು ಬದಿಗೆ ಸರಿದು ತಲೆತಗ್ಗಿಸಿ ನಿಂತರು. ಶನಿವಾರ ಪ್ರಕಟಣೆ ಬಂತು: ಮೂವತ್ತನಾಲ್ಕು. ಹಠಾತ್ ವರ್ತನೆ ಹತ್ತೊಂಬತ್ತು ಬಾರಿ.

ಮೂರನೆಯ ವಾರ, ರಸ್ತೆಯಲ್ಲಿ ಜನವಿಲ್ಲದ ಹೊತ್ತು ನೋಡಿ ಅಭ್ಯಾಸ ಮಾಡೋಣವೆಂದು ಬೆಳಗಿನ ನಾಲ್ಕೂವರೆಗೆ ಎದ್ದು, ಹಿಂದೆ ಅಪ್ಪನ ಸ್ಕೂಲಿದ್ದ ಬೀದಿಗೆ ಹೋದೆ. ಅಲ್ಲೀಗ ಸ್ಕೂಲಿನ ಜಾಗದಲ್ಲಿ ಹಾಸಿಗೆ ಅಂಗಡಿ. ಗೋಡೆಯಲ್ಲಿ ಹಳದಿ ಬೋರ್ಡಿಗೆ ಹೊಡೆದಿದ್ದ ಎರಡು ಮೊಳೆ ಮಾತ್ರ ಹಾಗೇ ಇವೆ. ಅದನ್ನು ನೋಡಿದ ಮೇಲೆ ಅಭ್ಯಾಸ ಯಾರಿಗೆ ನೆನಪಿರುತ್ತದೆ. ಕಾರು ನಿಲ್ಲಿಸಿ ಬೆಳಕು ಹರಿಯುವವರೆಗೆ ಸುಮ್ಮನೆ ಕೂತಿದ್ದು ಬಂದೆ. ಐದು ದಿನ ಹಾಗೇ ಆಯಿತು. ಶನಿವಾರದ ಪ್ರಕಟಣೆ: 'ಇಪ್ಪತ್ತೊಂಬತ್ತು. ಅವೇಳೆಯ ಸಂಚಾರ ಐದು ಬಾರಿ. ಒಂದೇ ಸ್ಥಳದಲ್ಲಿ ದೀರ್ಘ ತಂಗುವಿಕೆ ಐದು ಬಾರಿ.'

ಈ ಸಲ ಯಾರೂ ಪ್ರೋತ್ಸಾಹಿಸಲಿಲ್ಲ. ಗುಂಪೇ ಗಪ್‌ಚಿಪ್ಪಾಯಿತು. ಲಿಫ್ಟಿನಲ್ಲಿ ನಾನು ಹತ್ತಿದರೆ ಮೂರನೆಯ ಮಹಡಿಯ ಹೆಂಗಸರು ಮೆಟ್ಟಿಲು ಹತ್ತತೊಡಗಿದರು. ಆ ಶನಿವಾರವೇ ಹತ್ತು ಗಂಟೆಗೆ ಎರಡನೆಯ ಮಹಡಿಯಿಂದ ಕರೆ ಬಂತು. ಅಲ್ಲಿರುವುದು ನಮ್ಮ ಹಳೆಯ ಹೆಡ್ಮಾಸ್ಟರು. ಎಂಬತ್ತೆರಡು ವಯಸ್ಸು. ಅವರು ಕರೆದರೆ ನಾನು ಈಗಲೂ ಬಾಗಿಲ ಹೊರಗೆ ನಿಂತು "ಬರಬಹುದಾ ಸಾರ್" ಎಂದು ಕೇಳುತ್ತೇನೆ.

"ಕೂತ್ಕೋಪ್ಪ. ನನ್ನ ಕೈಕೆಳಗೆ ಇಷ್ಟು ವರ್ಷ ಕೆಲಸ ಮಾಡಿದೀಯ. ಒಂದು ಕಪ್ಪು ಚುಕ್ಕೆ ಇರ್ಲಿಲ್ಲ. ಈಗೇನಿದು, ಅವೇಳೆ, ತಂಗುವಿಕೆ?"

"ಎಲ್ಲ ಆ ಬ್ರೇಕಿನದೇ ತೊಂದರೆ ಸಾರ್."

"ಸರಿಯಾಗಿ ಹೇಳ್ದೆ. ಬ್ರೇಕು ಇರಬೇಕು. ಮನಸ್ಸಿಗೆ ಬ್ರೇಕು ಇಲ್ದಿದ್ರೆ ಮನುಷ್ಯ ಯಾಕೆ?"

"ವಯಸ್ಸಾಗಿ ಬ್ರೇಕು ಜಾಸ್ತಿ ಹಿಡಿಯತ್ತೆ, ಅದೇ ತೊಂದರೆ ಸಾರ್."

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿದರು. "ಆಹಾ. ಜಾಸ್ತಿ ಅದುಮಿಟ್ಟಿದ್ದು ಒಂದಿನ ಹೀಗೆ ಹೊರಗೆ ಬರತ್ತೆ. ಪುಸ್ತಕದಲ್ಲಿ ಓದಿದೀನಿ. ನಡಿ, ನಾನೂ ಬರ್ತೀನಿ. ನೀನು ಎಲ್ಲೆಲ್ಲಿ ಹೋಗ್ತೀಯೋ ಅಲ್ಲೆಲ್ಲ ಕರ್ಕೊಂಡ್ಹೋಗು. ನಾನೂ ಸ್ವಲ್ಪ ನೋಡ್ಬೇಕು."

ನೋಡಬೇಕು ಎಂಬ ಉತ್ಸಾಹ ಅವರ ವಯಸ್ಸಿಗೆ ಸ್ವಲ್ಪ ಹೆಚ್ಚೇ ಇತ್ತು. ಹೆಂಡತಿ ಹಿರಿಯರಿಗೆ ಮುಂದಿನ ಸೀಟು ಬಿಟ್ಟು ಹಿಂದೆ ಕೂತಳು. ಹೆಡ್ಮಾಸ್ಟರು ಕೂತರು, ಕಾಲು ಚಾಚಿದರು, ಅವರ ಮುಖ ಇದ್ದಕ್ಕಿದ್ದಂತೆ ಅರಳಿತು.

"ಅಯ್ಯೋ, ಇದು ಇನ್ನೂ ಇದೆಯಾ? ನಿಮ್ಮಪ್ಪ ಇದನ್ನ ಒತ್ತಿದಾಗೆಲ್ಲ ನಂಗೆ ಅವಮಾನ ಆಗ್ತಿತ್ತು. ಒಂದಿನ ನಾನೂ ಒತ್ತಬೇಕು ಅಂತ ಆಸೆ ಇತ್ತು ನೋಡು."

ಆ ಆಸೆಯನ್ನು ಅವರು ಅಂಚೆಪೆಟ್ಟಿಗೆಯ ಹತ್ತಿರ ಒಮ್ಮೆ, ನೀರಿನ ಟ್ಯಾಂಕಿನ ಹತ್ತಿರ ಎರಡು ಸಲ, ಬೇಕರಿ ತಿರುವಿನಲ್ಲಿ ಕಾರು ಪೂರ್ತಿ ನಿಲ್ಲುವ ಹಾಗೆ ಇನ್ನೊಂದು ಸಲ ತೀರಿಸಿಕೊಂಡರು. ಒತ್ತಿದಾಗೆಲ್ಲ "ಇನ್ನೊಂದ್ಸಲ" ಎಂದು ಅಪ್ಪನ ದನಿ ಮಾಡಿ ನಕ್ಕರು. ನಲವತ್ತು ವರ್ಷದ ಹಿಂದಿನ ಒಬ್ಬ ಕನ್ನಡಕದ ಮನುಷ್ಯ ಚಕ್ರ ಹಿಡಿದು ಬೆವರುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಾಗಿ ನಾನೂ ನಕ್ಕೆ. ನಗುತ್ತಿರುವಾಗಲೇ ನನ್ನ ಮಂದ ಬುದ್ಧಿಗೆ ಬೆಳಕು ಬಿತ್ತು. ಹಠಾತ್ ವರ್ತನೆ ನನ್ನದಲ್ಲ. ಕಾರಿನದೂ ಅಲ್ಲ. ಆ ಸೀಟಿನಲ್ಲಿ ಕೂತವರದು. ಆ ಡಬ್ಬಿ ಮೂರು ವಾರದಿಂದ ನನ್ನ ಹೆಸರಿನಲ್ಲಿ ನನ್ನ ಹೆಂಡತಿಯ ಕಾಲಿಗೆ ಅಂಕ ಕೊಡುತ್ತಿತ್ತು.

ಮನೆಗೆ ಬಂದು ವಿಷಯ ಹೇಳಿದೆ. ಹೇಳಿದ ರೀತಿ ಸರಿ ಇರಲಿಲ್ಲ ಎಂದು ಈಗ ಅನಿಸುತ್ತದೆ. "ನೋಡು, ಇಷ್ಟು ವರ್ಷ ನೀನು ನನ್ನ ಡ್ರೈವಿಂಗ್ ನಂಬ್ಲಿಲ್ಲ. ನಮ್ಮಪ್ಪ, ಊರಿಗೆಲ್ಲ ಕಲಿಸಿದವ್ರು, ಅವ್ರೇ ನಂಬಿದ್ರು. ಒಂದಿನಾನೂ ಒತ್ತಲಿಲ್ಲ. ನಾಳೆಯಿಂದ ನೀನು ಹಿಂದೆ ಕೂತ್ಕೋ" ಎಂದೆ.

ಅವಳು ಎದ್ದು ಪಾತ್ರೆ ತೊಳೆಯಲು ಹೋದಳು. ಮಾರನೆಯ ದಿನದಿಂದ ಹಿಂದೆ ಕೂತಳು. ಹಿಂದೆ ಕೂತವಳು ಮಾತು ಬಿಟ್ಟಳು. ಮೊದಲೆಲ್ಲ ದಾರಿಯುದ್ದಕ್ಕೂ "ಅಲ್ಲಿ ನೋಡ್ರೀ, ಆ ಮನೆಗೆ ಬಣ್ಣ ಹೊಡೆದಿದಾರೆ", "ರೀ, ಆ ಹೆಂಗಸು ನಿಮ್ಮ ನರ್ಸಮ್ಮನ ಮಗಳಲ್ವಾ" ಎನ್ನುತ್ತಿದ್ದವಳು, ಈಗ ಸಂತೆಗೆ ಹೋಗುವ ಬಾಡಿಗೆಯ ಗಿರಾಕಿಯ ಹಾಗೆ ಕಿಟಕಿ ನೋಡುತ್ತ ಕೂರುತ್ತಿದ್ದಳು. ಇಳಿಯುವಾಗ ಬಾಗಿಲನ್ನು ಮೆತ್ತಗೆ ಹಾಕುತ್ತಿದ್ದಳು. ಸಿಟ್ಟಿನಲ್ಲಿ ಬಾಗಿಲು ಬಡಿಯುವ ಹೆಂಡತಿಯನ್ನು ಸಂಭಾಳಿಸಬಹುದು, ಮೆತ್ತಗೆ ಹಾಕುವವಳ ಹತ್ತಿರ ಯಾರ ಆಟವೂ ನಡೆಯುವುದಿಲ್ಲ.

ಅಂಕ ಮಾತ್ರ ಎಂಬತ್ತೆಂಟಕ್ಕೆ ಹಾರಿತು. ಆಮೇಲೆ ತೊಂಬತ್ತೊಂದು. ಬಿಲ್ಡಿಂಗಿನ ಗುಂಪಿನಲ್ಲಿ ಹಬ್ಬದ ವಾತಾವರಣ. ಸೆಕ್ರೆಟರಿ 'ತಪ್ಪು ತಿದ್ದಿಕೊಂಡು ಬಾಳುವುದೇ ದೊಡ್ಡತನ' ಎಂದು ನೋಟಿಸು ಬೋರ್ಡಿನಲ್ಲಿ ಬರೆಸಿದರು. ಲಿಫ್ಟಿನಲ್ಲಿ ಹೆಂಗಸರು ಮತ್ತೆ ಹತ್ತಿದರು. ಟೈಲರು ತನ್ನ ತಮ್ಮನನ್ನು ಕರೆದುಕೊಂಡು ಬಂದು, "ಇವ್ನಿಗೂ ಸ್ವಲ್ಪ ಬುದ್ಧಿ ಹೇಳಿ ಸಾರ್, ನೀವೇ ಬಿಟ್ಟಮೇಲೆ ಇವ್ನಿಗೇನು" ಎಂದ. ನಾನು ಏನು ಬಿಟ್ಟೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ಏನಾದರೂ ಹೇಳಹೋಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಕೊನೆಯ ತಿಂಗಳು ಮುಗಿಯಲು ಒಂದು ವಾರವಿರುವಾಗ ಶೇಕಡಾ ಬಂದ. "ಕಂಪನಿಗೆ ಅನುಮಾನ ಬಂದಿದೆ ಸಾರ್. ಒಂದು ಭಾನುವಾರ ಇದ್ದಕ್ಕಿದ್ದ ಹಾಗೆ ಇಷ್ಟು ಒಳ್ಳೆಯವರಾಗೋದು ಶೇಕಡಾ ಎರಡು ಜನ ಮಾತ್ರ ಅಂತೆ. ಬೇರೆ ಯಾರೋ ಓಡಿಸ್ತಿದಾರಾ?" ಎನ್ನುತ್ತ ಕಾರಿನೊಳಗೆ ಕೂತು ಸುತ್ತ ನೋಡಿದ. ಕಾಲಿಗೆ ಪೆಡಲು ತಗುಲಿತು.

"ಇದೇನು ಸಾರ್? ಎರಡು ಬ್ರೇಕಾ? ಇದು ಕಲಿಸೋ ಗಾಡಿ ಆಯ್ತಲ್ಲ. ಇದಕ್ಕೆ ಯೋಜನೆ ಅನ್ವಯ ಆಗಲ್ಲ." ನನ್ನ ಮುಖ ನೋಡಿ ಅವನಿಗೇ ಪಾಪ ಎನಿಸಿರಬೇಕು. "ಚಿಂತೆ ಬೇಡ. ಇದನ್ನ ಬಿಚ್ಚಿಸಿ ಫೋಟೋ ಕಳಿಸಿ. ರಿಯಾಯಿತಿ ಶೇಕಡಾ ನೂರು ಗ್ಯಾರಂಟಿ. ಬಿಚ್ಚದಿದ್ರೆ ಏನೂ ಇಲ್ಲ."

ಇನ್ನೇನು ಬೇಕು. ಹೂವಿನ ಗಿಡಕ್ಕೂ ಅಪ್ಪನ ಕಾರಿಗೂ ನಡುವೆ ನಾಲ್ಕು ಬೋಲ್ಟು. ಮಾರನೆಯ ಬೆಳಿಗ್ಗೆಯೇ ಗ್ಯಾರೇಜಿಗೆ ಹೊರಟೆ. ತರಕಾರಿ ತರಬೇಕಿತ್ತೆಂದು ಹೆಂಡತಿಯೂ ಹಿಂದೆ ಕೂತಳು.

ಗ್ಯಾರೇಜಿನ ಮುದುಕ ಅಪ್ಪನ ಕಾಲದವನು. ಕಾರು ಬಂದರೆ ಮೊದಲು ಬಾನೆಟ್ಟಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಆಮೇಲೆ ಮಾತು. ವಿಷಯ ಹೇಳಿದೆ.

"ಇದನ್ನ ಹಾಕಿದ್ದು ನಾನೇ. ನಿಮ್ಮಪ್ಪ ಇಲ್ಲೇ ಈ ಡಬ್ಬದ ಮೇಲೆ ಕೂತ್ಕೊಂಡು ಮೂರು ಸಲ ಬಿಚ್ಚಿಸಿ ಮೂರು ಸಲ ಹಾಕಿಸಿದ್ರು. ಇನ್ನೊಂದ್ಸಲ ಇನ್ನೊಂದ್ಸಲ ಅಂತ. ಈಗ ನನ್ನ ಕೈಲೇ ಬಿಚ್ಚಿಸ್ತೀಯ?"

"ಇಲ್ಲದಿದ್ರೆ ಕಾರೇ ಹೋಗತ್ತಜ್ಜ."

ಅವನು ಪಾನಾ ಹಿಡಿದು ಸೀಟಿನ ಕೆಳಗೆ ತಲೆ ಹಾಕಿದ. ಒಂದು ಬೋಲ್ಟು ಬಂತು. ಇನ್ನೊಂದಕ್ಕೆ ಪಾನಾ ಹಾಕಿದಾಗ ಹಿಂದಿನ ಸೀಟಿನಿಂದ ಹೆಂಡತಿಯ ದನಿ ಬಂತು. ಎರಡು ತಿಂಗಳ ಮೇಲೆ ಕಾರಿನೊಳಗೆ ಅವಳ ದನಿ.

"ಸ್ವಲ್ಪ ನಿಲ್ಲಿಸಿ."

ಅವಳು ನನ್ನನ್ನು ನೋಡದೆ, ಮುಂದಿನ ಸೀಟಿನ ಬೆನ್ನು ನೋಡುತ್ತ ಮಾತಾಡಿದಳು. "ಮಾವನವರನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡ್ಬಂದ್ವಲ್ಲ, ಕೊನೇ ಸಲ. ನೀವು ಔಷಧಿ ತರಕ್ಕೆ ಅಂಗಡಿಗೆ ಇಳಿದ್ರಿ. ಅವರು ಹಿಂದೆ ಇಲ್ಲೇ ಒರಗಿಕೊಂಡಿದ್ರು. ನಾನು ಮುಂದೆ ಇದ್ದೆ. ಆಗ ಹೇಳಿದ್ರು. ಅಮ್ಮಾ, ಇವನು ಒಳ್ಳೆಯವನು, ಚೆನ್ನಾಗೇ ಓಡಿಸ್ತಾನೆ, ಆದ್ರೆ ಓಡಿಸ್ತಾ ಓಡಿಸ್ತಾ ಯೋಚನೇಲಿ ಬಿದ್ದು ಎಲ್ಲೋ ಹೋಗ್ಬಿಡ್ತಾನೆ. ಇಷ್ಟು ದಿವಸ ನಾನು ಕಾಲಿಟ್ಕೊಂಡಿದ್ದೆ. ಇನ್ಮೇಲೆ ಆ ಕಾಲು ನಿಂದು, ಅಂದ್ರು."

ಗ್ಯಾರೇಜಿನ ಮುದುಕ ಸೀಟಿನ ಕೆಳಗಿಂದ ತಲೆ ಹೊರಗೆ ತೆಗೆದ.

"ಅಪ್ಪ ಒತ್ತುತ್ತಿದ್ರಾ?" ಎಂದು ನಾನು ಕೇಳಿದೆ.

"ದಿನಾ ಒತ್ತುತ್ತಿದ್ರಂತೆ. ನೀವು ಒತ್ತೋ ಹೊತ್ತಿಗೆ ಅವರು ಅರ್ಧ ಒತ್ತಿರ್ತಿದ್ರಂತೆ, ಗೊತ್ತಾಗಬಾರ್ದು ಅಂತ. ಗೊತ್ತಾದ್ರೆ ನಿಮಗೆ ಬೇಜಾರಾಗತ್ತೆ, ಮೆತ್ತಗೆ ಒತ್ತಮ್ಮ ಅಂತ ನಂಗೂ ಹೇಳಿದ್ರು. ಏನ್ಮಾಡೋದು, ನಂಗೆ ಆ ನಯ ಬರ್ಲಿಲ್ಲ. 'ಮಗನಿಗೆ ಹೇಳಬೇಡ' ಅಂತ ಮಾತು ತಗೊಂಡಿದ್ರು, ಅದಕ್ಕೇ ಇಷ್ಟು ವರ್ಷ ನಿಮ್ಮ ಕೈಲಿ ಅನ್ನಿಸ್ಕೊಂಡೆ. ಇದನ್ನ ಬಿಚ್ಚಿ ಎಸೆದ್ಮೇಲೆ ಮಾತು ಉಳಿಸ್ಕೊಂಡು ಏನು ಮಾಡ್ಲಿ?"

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮನಸ್ಸಿನೊಳಗೆ ಫ್ರೇಮು ಹಾಕಿಸಿ ಇಟ್ಟುಕೊಂಡಿದ್ದ ಹೆಮ್ಮೆ, ಗ್ಯಾರೇಜಿನ ಎಣ್ಣೆ ನೆಲದ ಮೇಲೆ ಬಿತ್ತು. ಬೇಜಾರಾಗಬೇಕಿತ್ತು. ಆಗಲಿಲ್ಲ. ಕಿಟಕಿಯ ಮೇಲೆ ಮೊಣಕೈ ಊರಿ ಮರಗಿಡ ನೋಡುತ್ತಿದ್ದ ಅಪ್ಪ, ನಿಜವಾಗಿ ಇಪ್ಪತ್ತು ನಿಮಿಷವೂ ನನ್ನನ್ನೇ ನೋಡುತ್ತಿದ್ದರು ಎಂದು ಗೊತ್ತಾಗಿ, ಆ ಎಣ್ಣೆ ನೆಲದ ಮೇಲೆ ನಿಂತು ಅತ್ತುಬಿಟ್ಟೆ. ಹೆಂಡತಿ ಇಳಿದು ಬಂದು ಸೆರಗಿನಿಂದ ನನ್ನ ಮುಖ ಒರೆಸಿ, "ಎಲ್ಲರ ಎದುರಿಗೆ ಇದೇನ್ರೀ" ಎಂದಳು. ಎಲ್ಲರೂ ಎಂದರೆ ಆ ಮುದುಕ ಒಬ್ಬನೇ, ಅವನೂ ಅಳುತ್ತಿದ್ದ.

"ಬಿಚ್ಚಿದ ಬೋಲ್ಟು ಹಾಕಜ್ಜ" ಎಂದೆ.

"ರೀ, ಕಾರು ಹೋಗತ್ತೆ."

"ಆ ಬ್ರೇಕಿಲ್ಲದ ಕಾರು ನನಗೆ ಬೇಡ ಕಣೇ. ಅದರೊಳಗೆ ಗಿಡವಾದರೂ ಬೆಳೀಲಿ."

ಶೇಕಡಾನಿಗೆ ಫೋನು ಮಾಡಿ ಬಿಚ್ಚುವುದಿಲ್ಲ ಎಂದೆ. ರಿಯಾಯಿತಿ ಶೇಕಡಾ ಸೊನ್ನೆ ಎಂದ. ಉಳಿದ ವಾರ ಹೆಂಡತಿ ಮುಂದೆಯೇ ಕೂತಳು, ಶನಿವಾರದ ಕೊನೆಯ ಪ್ರಕಟಣೆಯಲ್ಲಿ ನನ್ನ ನಡತೆ ಮತ್ತೆ ಕುಸಿದು ಬಿತ್ತು. 'ಯೋಜನೆಗೆ ಅನರ್ಹ' ಎಂಬ ಷರಾ ಬೇರೆ. ನೋಟಿಸು ಬೋರ್ಡಿನಲ್ಲಿದ್ದ ಸುಭಾಷಿತವನ್ನು ಸೆಕ್ರೆಟರಿ ತಾವೇ ನಿಂತು ಅಳಿಸಿದರು. "ನಾಯಿ ಬಾಲ ಡೊಂಕೇ" ಎಂದು ಅವರು ಯಾರಿಗೋ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಭಾನುವಾರ ಮಗಳು ಹೋಟೆಲಿನವರ ಕಾಗದ ಹಿಡಿದುಕೊಂಡೇ ಬಂದಳು. ನಾನು ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟೆ. ಮಾತು ಮಾತೇ.

"ಅಪ್ಪ, ನಂಗೇನು ಖುಷಿಯಾ ಇದು? ಕಂಬದ ಜಾಗದಲ್ಲಿ ಮನುಷ್ಯ ಇದ್ದಿದ್ರೆ? ನಿನ್ನ ಮೇಲೆ ಯಾರಾದ್ರೂ ಕಣ್ಣಿಟ್ಟಿರಬೇಕು. ಅದಕ್ಕೇ ಆ ಡಬ್ಬಿ ಹಾಕ್ಸಿದ್ದು. ರಿಯಾಯಿತಿ ಯಾರಿಗೆ ಬೇಕು?"

"ಡಬ್ಬಿ ಕಣ್ಣಿಡತ್ತೆ, ನಿಲ್ಲಿಸತ್ತಾ?" ಎಂದಳು ಹೆಂಡತಿ. "ಕಂಬಕ್ಕೆ ಗುದ್ದಿದ ದಿನ ನಾನೆಲ್ಲಿದ್ದೆ?"

"ನಮ್ಮನೇಲಿ."

"ನಾನು ಪಕ್ಕದಲ್ಲಿದ್ದಾಗ ಒಂದ್ಸಲ ಗುದ್ದಿದಾರಾ ಹೇಳು. ಮೂವತ್ತೈದು ವರ್ಷದಲ್ಲಿ ಒಂದ್ಸಲ." ಆಮೇಲೆ ಅವಳು ತಾತನ ಮಾತನ್ನೆಲ್ಲ ಮಗಳಿಗೂ ಹೇಳಿದಳು. ಮೊದಲ ಸಲ ಸೀಟಿನ ಬೆನ್ನು ನೋಡುತ್ತ ಹೇಳಿದ್ದನ್ನು ಈ ಸಲ ಸ್ವಲ್ಪ ಜಂಬದಿಂದಲೇ ಹೇಳಿದಳು.

ಮಗಳು ಕಾಗದ ಮಡಿಸಿ ಚೀಲಕ್ಕೆ ಹಾಕಿದಳು. ಕೆಳಗಿಳಿದು ಹೋದಳು. ಕಾರಿನ ಬಾಗಿಲು ತೆಗೆದ ಸದ್ದಾಯಿತು. ಹಿಂತಿರುಗಿದಾಗ ಕೈಯಲ್ಲಿ ಡಬ್ಬಿ ಇತ್ತು.

"ಪೂರ್ತಿ ಕಂತು ನಾನು ಕಟ್ತೀನಿ. ಆದ್ರೆ ಅಮ್ಮ ಪಕ್ಕದಲ್ಲಿಲ್ದೆ ನೀನು ಕೀಲಿ ಮುಟ್ಟೋ ಹಾಗಿಲ್ಲ. ಹಾಲಿಗೂ ಇಲ್ಲ, ಪೇಪರಿಗೂ ಇಲ್ಲ."

ಹೀಗೆ ನನ್ನ ಕಾರು ಉಳಿಯಿತು, ಸ್ವಾತಂತ್ರ್ಯ ಹೋಯಿತು. ಅದಿದ್ದಾಗ ಅದರಿಂದ ನಾನು ಸಾಧಿಸಿದ್ದೂ ಒಂದು ಕಂಬವನ್ನಷ್ಟೇ.

ಅಂದು ಸಂಜೆ ಮಗಳನ್ನು ಬಸ್ಸು ಹತ್ತಿಸಿ ಇಬ್ಬರೂ ಮನೆಗೆ ಬರುತ್ತಿದ್ದೆವು. ಬಿಸಿಲು ಇಳಿದಿತ್ತು. ಹಾಸಿಗೆ ಅಂಗಡಿಯ ಬೀದಿ ಖಾಲಿಯಿತ್ತು, ಒಂದು ನಾಯಿಯೂ ಇರಲಿಲ್ಲ. ಹೆಂಡತಿ ಕಿಟಕಿಯ ಮೇಲೆ ಮೊಣಕೈ ಊರಿ ಕೂತಿದ್ದಳು. ಇದ್ದಕ್ಕಿದ್ದ ಹಾಗೆ ಕಾರು ನಿಧಾನವಾಗಿ, ಬಹಳ ಮೆತ್ತಗೆ, ನಿಂತಿತು.

"ಯಾಕೇ? ಎದುರಿಗೆ ಏನೂ ಇಲ್ವಲ್ಲ."

"ಏನಿಲ್ಲ ರೀ" ಎಂದಳು. "ಮಾವ ನೆನಪಾದ್ರು."